ಕಣ್ಣು ಮುಚ್ಚಿ ಕಟ್ಟಿದ ಮುಡುಪು

"ಗಾಡಿ ತೆಗೀರೀ! ನಡುರೋಡಲ್ಲಿ ನಿಲ್ಸ್ಕೊಂಡು ಏನ್ ಮಾಡ್ತಿದೀರಾ?"

ಕಿಟಕಿಯ ಗಾಜಿನ ಮೇಲೆ ಬಿದ್ದ ಏಟಿಗೆ ಧನಲಕ್ಷ್ಮಿ ಬೆಚ್ಚಿಬಿದ್ದಳು.

ಬ್ಯಾಟರಾಯನಪುರದ ಸಿಗ್ನಲ್ ಹಸಿರಾಗಿತ್ತು. ಹಿಂದೆ ಬಸ್ಸು, ಬಸ್ಸಿನ ಹಿಂದೆ ಏರ್‌ಪೋರ್ಟ್ ಟ್ಯಾಕ್ಸಿಗಳ ಸಾಲು... ಎಲ್ಲವೂ ಒಟ್ಟಿಗೆ ಹಾರ್ನ್ ಬಾರಿಸುತ್ತಿದ್ದವು. ಅವಳ ಬಿಳಿ ಕಾರು ಮಾತ್ರ ದಾರಿಯಲ್ಲಿ ಮಲಗಿದ ಎಮ್ಮೆಯ ಹಾಗೆ ಜಪ್ಪಯ್ಯ ಅಂದರೂ ಅಲ್ಲಾಡುತ್ತಿರಲಿಲ್ಲ.

ಗಾಜು ಇಳಿಸಿದಳು. ಹೊರಗೆ ನಿಂತಿದ್ದವನ ಮೊಣಕೈ ತರಚಿ ರಕ್ತ ಬರುತ್ತಿತ್ತು. ಅವನ ಬೈಕು ಅವಳ ಕಾರಿನ ಹಿಂದೆಯೇ ಅಡ್ಡಬಿದ್ದಿತ್ತು.

"ಸಾರಿ... ನಾನಲ್ಲ... ಸಿಗ್ನಲ್ ನೋಡಿ ಸ್ಲೋ ಮಾಡ್ದೆ ಅಷ್ಟೇ. ಅದೇ ಆಫ್ ಆಯ್ತು..."

ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿ ಬಂತು. ಇವತ್ತು ಮನೆಯಲ್ಲಿ ಮತ್ತೆ ಮಂಗಳಾರತಿ ಖಂಡಿತ! ಅಪ್ಪನದು ಒಂದೇ ಮಾತು, 'ನಿಂಗೆ ಕ್ಲಚ್ ಹಿಡಿಯಾಕೆ ಬರಾಕಿಲ್ಲ.' ತಮ್ಮ ಪುನೀತನಂತೂ ಬಿಡುವವನೇ ಅಲ್ಲ. 'ಅಕ್ಕ ಸ್ಟೇರಿಂಗ್ ಮುಟ್ಟಿದ್ರೆ ಕಾರಿಗೂ ಪ್ರಜ್ಞೆ ತಪ್ಪುತ್ತೆ!'

ಬೈಯಲು ಬಾಯಿ ತೆರೆದವನು ಆ ಕಣ್ಣೀರು ನೋಡಿ ಸುಮ್ಮನಾದ. ಧ್ವನಿ ತಾನಾಗಿಯೇ ಇಳಿಯಿತು.

"ಸ್ಟಾರ್ಟ್ ಮಾಡಿ ನೋಡೋಣ."

ಕೀ ತಿರುಗಿಸಿದಳು. ಏನೂ ಆಗಿಯೇ ಇಲ್ಲವೆಂಬಂತೆ ಎಂಜಿನ್ ಶುರುವಾಯಿತು.

"ಓಡುವಾಗ ಸರಿಯಾಗೇ ಇರುತ್ತಾ? ಸ್ಲೋ ಮಾಡ್ದಾಗ ಮಾತ್ರ ಹಿಂಗಾ?"

"ಹೂಂ... ಆದ್ರೆ ಮನೇಲಿ ಎಲ್ರೂ ನಂಗೇ ಡ್ರೈವಿಂಗ್ ಬರಲ್ಲ ಅಂತಾರೆ."

"ಕ್ಲಚ್ ಬಿಟ್ಟು ಆಫ್ ಮಾಡಿದ್ರೆ ಗಾಡಿ ಜಗ್ಗಿ ನಿಲ್ತಿತ್ತು ಕಣ್ರೀ. ಇದು ಉಸಿರು ಕಟ್ಟಿದ ಹಾಗೆ ಸುಮ್ನೆ ನಿಂತಿದ್ದು. ನಾನ್ ಹಿಂದೇನೇ ಇದ್ನಲ್ಲ..." ಮೊಣಕೈಯನ್ನು ಕರವಸ್ತ್ರದಿಂದ ಒತ್ತಿಕೊಳ್ಳುತ್ತಾ ಅಂದ. "ತಪ್ಪು ನಿಮ್ದಲ್ಲ."

ತಪ್ಪು ನಿಮ್ಮದಲ್ಲ!

ಹುಟ್ಟಿದಾಗಿನಿಂದ ಆ ಮನೆಯಲ್ಲಿ ಏನೇ ಒಡೆದರೂ ಚೆಲ್ಲಿದರೂ ಅವಳ ಹೆಸರೇ ಮೊದಲು ಬರುತ್ತಿತ್ತು. ಈ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಗುರುತು ಪರಿಚಯ ಇಲ್ಲದವನೊಬ್ಬ, ಅದೂ ಅವಳಿಂದಲೇ ಬಿದ್ದು ಗಾಯ ಮಾಡಿಕೊಂಡವನು ಹೇಳಿದ್ದ. ಹೆಣ್ಣು ಮನಸ್ಸು ಸೋಲಲು ಇದಕ್ಕಿಂತ ದೊಡ್ಡ ಕಾರಣ ಬೇಕೇ? ಅವಳಿಗಂತೂ ಬೇಕಾಗಲಿಲ್ಲ.

ಅದು ಎರಡು ಸಾವಿರದ ಹನ್ನೆರಡನೇ ಇಸವಿ. ಏರ್‌ಪೋರ್ಟ್ ರಸ್ತೆಯ ಮೇಲೆ ಇನ್ನೊಂದು ರಸ್ತೆ ಕಟ್ಟಲು ಕಂಬಗಳು ಏಳುತ್ತಿದ್ದ ಕಾಲ. ಅವನ ಹೆಸರು ಮಹೇಂದ್ರ, ಆರ್.ಟಿ. ನಗರದಲ್ಲಿ ಸ್ವಂತ ಗ್ಯಾರೇಜು. ಮಾರನೆಯ ದಿನವೇ ಬಿಳಿ ಕಾರು ಅಲ್ಲಿಗೆ ಹೋಯಿತು.

ಆದರೆ ಗ್ಯಾರೇಜಿನಲ್ಲಿ ಆ ಕಾರು ಮಹಾ ಸಾಧು! ಎಷ್ಟು ಹೊತ್ತು ಚಾಲೂ ಇಟ್ಟರೂ ಒಂದು ಸಲವೂ ಆಫ್ ಆಗಲಿಲ್ಲ.

"ಇದರ ಕಾಯಿಲೆ ನಿಂತಾಗ ಕಾಣಲ್ಲ. ಓಡಿಸಿ ಸ್ಲೋ ಮಾಡ್ದಾಗಲೇ ಕಾಣ್ಬೇಕು. ರೋಡಿಗೆ ತಗೊಂಡ್ ಹೋಗೋಣ, ಡ್ರೈವ್ ನೀವೇ ಮಾಡಿ. ನಾನು ಕಿವಿಗೊಟ್ಟು ಕೂರ್ತೀನಿ," ಅಂದ ಮಹೇಂದ್ರ.

ಜಕ್ಕೂರಿನ ಹಳೇ ಮನೆತನದ ಆನಂದಪ್ಪನವರು ಮಗಳನ್ನು ಪರಗಂಡಸಿನ ಪಕ್ಕ ಕೂರಿಸಿ ಕಳಿಸುತ್ತಾರೆಯೇ? ಕಾವಲಿಗೆ ಹಿಂದಿನ ಸೀಟಿನಲ್ಲಿ ಅಜ್ಜಿ ಮುನಿಕೆಂಪಮ್ಮ ಬಂದು ಕುಳಿತಳು. ತಾಯಿಯಿಲ್ಲದ ಇಬ್ಬರು ಮಕ್ಕಳನ್ನು ಸಾಕಿದ ಗಟ್ಟಿ ಜೀವ ಅದು. ಆದರೆ ಏರೋಡ್ರೋಮಿನ ಬೇಲಿ ಪಕ್ಕದ ರಸ್ತೆಗೆ ಬರುವಷ್ಟರಲ್ಲಿ, ಬೀಸುವ ಗಾಳಿಗೆ, ಗೊರಕೆ ಶುರು!

"ಕಾಲು ತೆಗೀರಿ," ಎನ್ನುತ್ತಿದ್ದ ಮಹೇಂದ್ರ, ಕಣ್ಣು ಮುಚ್ಚಿಕೊಂಡು.

ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತಿದ್ದಳು. ಕಾರು ನಿಧಾನವಾಗುತ್ತಿತ್ತು. ಎಂಜಿನ್ ಒಮ್ಮೆ ನಡುಗಿ ಸುಧಾರಿಸಿಕೊಳ್ಳುತ್ತಿತ್ತು, ಒಮ್ಮೊಮ್ಮೆ ನಿಂತೇಬಿಡುತ್ತಿತ್ತು.

"ಮತ್ತೆ ಒಂದ್ಸಲ... ಕಾಲು ತೆಗೀರಿ."

ಮುಚ್ಚಿದ ಆ ರೆಪ್ಪೆಗಳನ್ನು ಅವಳು ಕದ್ದು ನೋಡುತ್ತಿದ್ದಳು. ನನ್ನ ಎದೆಬಡಿತವೂ ಇವನಿಗೆ ಕೇಳಿಸಿಬಿಟ್ಟರೆ ಏನು ಗತಿ!

ಕೊನೆಗೆ ಸಿಕ್ಕಿಬಿತ್ತು. ಎಂಜಿನ್ನಿಗೆ ಗಾಳಿ ಹೋಗುವ ಬಾಯಲ್ಲಿ ಮಸಿ ಕಟ್ಟಿತ್ತು. ಕಾಲು ಒತ್ತಿದಾಗ ಬಾಯಿ ದೊಡ್ಡದಾಗಿ ತೆರೆಯುವುದರಿಂದ ತೊಂದರೆ ಕಾಣುತ್ತಿರಲಿಲ್ಲ. ಕಾಲು ತೆಗೆದಾಗ ಉಳಿಯುವ ಸಣ್ಣ ಸಂದು ಮಸಿಯಿಂದ ಮುಚ್ಚಿಹೋಗಿ, ಎಂಜಿನ್ನಿಗೆ ಉಸಿರು ಸಾಲುತ್ತಿರಲಿಲ್ಲ. ಮಹೇಂದ್ರ ಉಜ್ಜಿ ತೊಳೆದು ಸರಿ ಮಾಡಿದ.

ಕಾರು ಸರಿಹೋಯಿತು. ಕಾರಿನಲ್ಲಿ ಕುಳಿತವರು ಮಾತ್ರ ಸರಿಹೋಗಲಿಲ್ಲ! ಆಯಿಲ್ ನೋಡಬೇಕು, ಬ್ರೇಕ್ ನೋಡಬೇಕು, ಏನೋ ಸದ್ದು ಬರ್ತಿದೆ... ಧನಲಕ್ಷ್ಮಿಗೆ ನೆಪಗಳಿಗೇನು ಬರವಿರಲಿಲ್ಲ. ಯಲಹಂಕದ ಶಾಲೆಯಲ್ಲಿ ಪಾಠ ಮುಗಿಸಿ ಬರುವಾಗ ಆರ್.ಟಿ. ನಗರ ದಾರಿಯಲ್ಲಿ ಸಿಗುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಅವಳು ಮರೆತಿದ್ದಳು.

"ನಿಮ್ಮಪ್ಪ ಒಪ್ತಾರಾ ಧನು?" ಒಂದು ದಿನ ಮಹೇಂದ್ರ ಕೇಳಿದ. "ಅವರು ಲೇಔಟ್ ಮಾಡ್ಸೋರು. ನಾನು ಗಾಡಿ ಕೆಳಗೆ ಮಲಗೋನು."

"ಒಪ್ಪಿಸ್ತೀನಿ. ನಮ್ ಮುನೇಶ್ವರ ಇದಾನೆ."

ಆ ಮನೆಯವರಿಗೆ ಗಾಡಿಯ ದೇವರು ಮುನೇಶ್ವರ. ಹರಕೆಯಿದ್ದರೆ ಅರಿಶಿನದ ಬಟ್ಟೆಯಲ್ಲಿ ನಾಣ್ಯವಿಟ್ಟು ಮುಡುಪು ಕಟ್ಟುವುದು ರೂಢಿ. ಅದಕ್ಕೆ ಮುನಿಕೆಂಪಮ್ಮನ ಕಟ್ಟಳೆಯೇ ಬೇರೆ.

"ಕನ್ನಡಿಗೆ ನೇತಾಕ್ಬಾರ್ದು ಕಣವ್ವ. ನೀ ಬೇಡ್ಕಂಡಿದ್ದು ಊರೋರ ಕಣ್ಣಿಗೆ ಬೀಳ್ಬಾರ್ದು. ನಿನ್ ಕಣ್ಣಿಗೂ ಬೀಳ್ಬಾರ್ದು. ಎಂಜಿನ್ ಅತ್ರ, ಕಣ್ ಮುಚ್ಕಂಡು, ಕೈಗೆ ಸಿಕ್ಕಿದ್ದಕ್ಕೆ ಕಟ್ಟು. ಮೂರು ಗಂಟು, ಬಿಗಿಯಾಗಿ. ಹರಕೆ ತೀರಿದ ಮೇಲೆ ಹುಡುಕಿ ಬಿಚ್ಚಿ ಹುಂಡಿಗಾಕು."

ಎರಡು ಸಾವಿರದ ಹದಿಮೂರರ ಆಯುಧಪೂಜೆಯ ದಿನ. ಕುಂಬಳಕಾಯಿ ಒಡೆದಾಗಿತ್ತು, ಗಾಲಿಗಳ ಕೆಳಗೆ ನಿಂಬೆಹಣ್ಣು ನಜ್ಜುಗುಜ್ಜಾಗಿತ್ತು. ಎಲ್ಲರೂ ಊಟಕ್ಕೆ ಕುಳಿತಾಗ ಧನಲಕ್ಷ್ಮಿ ಒಬ್ಬಳೇ ಹೊರಬಂದು ಬಾನೆಟ್ ಎತ್ತಿದಳು. ಕಣ್ಣು ಮುಚ್ಚಿದಳು. ಬ್ಯಾಟರಿಯನ್ನು ದಾಟಿ ಕೈ ಒಳಗೆ, ಇನ್ನೂ ಒಳಗೆ ಹೋಯಿತು. ಹೆಬ್ಬೆರಳಿನಷ್ಟು ದಪ್ಪದ, ಬಾಗಿದ ಏನೋ ಒಂದು ಸಿಕ್ಕಿತು. ಮುಡುಪಿನ ಹುರಿಯನ್ನು ಅದಕ್ಕೆ ಸುತ್ತಿದಳು. ಒಂದು ಗಂಟು... ಎರಡು... ಮೂರು... ಉಗುರು ನೋಯುವಷ್ಟು ಬಿಗಿಯಾಗಿ.

'ಮುನೇಶ್ವರಾ, ಅವನನ್ನ ನಂಗೆ ಕೊಡು. ಅಪ್ಪ ಹೂಂ ಅನ್ನಲಿ.'

ಆ ಸಂಜೆ ಫೋನಿನಲ್ಲಿ ಹೇಳಿದಳು. "ನಮ್ಮಿಬ್ರಿಗೋಸ್ಕರ ಮುಡುಪು ಕಟ್ಟಿದೀನಿ ಮಹೇಂದ್ರ. ಎಲ್ಲಿ ಅಂತ ಹೇಳಲ್ಲ! ಮದುವೆ ಆದ್ಮೇಲೆ ಇಬ್ರೂ ಸೇರಿ ಬಿಚ್ಚೋಣ."

"ಆಯ್ತಮ್ಮ ತಾಯಿ," ಅಂದು ನಕ್ಕಿದ್ದ ಮಹೇಂದ್ರ.

ಚಳಿಗಾಲ ಮುಗಿಯುವ ಹೊತ್ತಿಗೆ ಕಾರಿಗೆ ಹಳೇ ಚಾಳಿ ಮರುಕಳಿಸಿತು. ಓಡುವಾಗ ಚೆನ್ನಾಗಿಯೇ ಇರುತ್ತಿತ್ತು. ನಿಧಾನ ಮಾಡಿದರೆ ನಡುಗುತ್ತಿತ್ತು, ಒಮ್ಮೊಮ್ಮೆ ನಿಲ್ಲುತ್ತಿತ್ತು. ಈ ಸಲ ಆನಂದಪ್ಪನವರು ತಾವೇ ಗ್ಯಾರೇಜಿಗೆ ಒಯ್ದರು. "ನೀ ಬರಾದು ಬ್ಯಾಡ," ಎಂದು ಮಗಳಿಗೆ ಗಡುಸಾಗಿ ಹೇಳಿದರು. ಆ ಗಡಸುತನಕ್ಕೆ ಕಾರಣವೇನೆಂದು ಅವಳಿಗೆ ಹೊಳೆಯಲಿಲ್ಲ. ಮಧ್ಯಾಹ್ನದೊಳಗೆ ಕಾರು ವಾಪಸ್ ಬಂತು.

"ಅದೇ ಮಸಿಯಂತೆ. ಕ್ಲೀನ್ ಮಾಡವ್ನೆ," ಅಂದರು ಅಪ್ಪ.

ಅದೇ ವಾರ ಒಂದು ದಿನ, ಯಶವಂತಪುರದ ರೈಲ್ವೆ ಸ್ಟೇಷನ್ನಿಗೆ ಬರುವ ಅತ್ತೆಯನ್ನು ಕರೆತರಲು ಪುನೀತ್ ಹೊರಟ.

"ಅಕ್ಕಾ, ನಿಂಗೇನಾದ್ರೂ ತರ್ಬೇಕಾ?"

"ಏನೂ ಬೇಡ. ನಿಧಾನವಾಗಿ ಹೋಗು."

ನಿಧಾನವಾಗಿ ಹೋಗು!

ಹೆಬ್ಬಾಳದ ಫ್ಲೈಓವರ್ ಇಳಿದು ರಿಂಗ್ ರೋಡಿಗೆ ಸೇರುವ ತಿರುವಿನಲ್ಲಿ ನೀರಿನ ಟ್ಯಾಂಕರೊಂದು ಕೆಟ್ಟು ನಿಂತಿತ್ತು. ಅದನ್ನು ಕಂಡು ಪುನೀತ್ ಕಾಲು ತೆಗೆದಿದ್ದಾನೆ. ಇಳಿಜಾರಿನಲ್ಲಿ ಎಂಜಿನ್ ನಿಂತುಹೋಗಿದೆ. ಸ್ಟೇರಿಂಗ್ ಬಿಗಿಯಾಗಿದೆ, ಬ್ರೇಕು ಕಲ್ಲಿನಂತೆ ಒತ್ತಲಾಗದೆ ನಿಂತಿದೆ.

ಅತ್ತೆ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಲೇ ಇದ್ದಳು.

ಶವ ಮನೆಗೆ ಬಂದಾಗ ಧನಲಕ್ಷ್ಮಿ ಅಳಲಿಲ್ಲ. ಅವನ ಪಾದಗಳನ್ನೇ ನೋಡುತ್ತಾ ಕುಳಿತಿದ್ದಳು. ಎಷ್ಟು ಒತ್ತಿರಬೇಕು ಈ ಕಾಲು... ಎಷ್ಟು ಒತ್ತಿರಬೇಕು ನನ್ನ ತಮ್ಮ...

ಮೂರನೆಯ ದಿನ ಹಾಲು ತುಪ್ಪ ಬಿಟ್ಟು ಬಂದು ಕುಳಿತಿದ್ದಾಗ ಮಹೇಂದ್ರ ಬಂದ. ಅಂಗಳದಲ್ಲೇ ಆನಂದಪ್ಪನವರು ಅವನ ಕಾಲರ್ ಹಿಡಿದರು.

"ಸರಿ ಓಗ್ಯದೆ ಅಂದ್ಯಲ್ಲೋ! ನನ್ ಮಗನ್ನ ತಿಂದ್ಬಿಟ್ಯಲ್ಲೋ!"

ಮಹೇಂದ್ರ ತಡೆಯಲಿಲ್ಲ. "ತಪ್ಪು ನಂದು," ಅಂದ. "ಎಲ್ಲಾ ನಂದೇ. ನಾನ್ ಸರಿಯಾಗಿ ನೋಡ್ಲಿಲ್ಲ."

ಧನಲಕ್ಷ್ಮಿ ಎದ್ದು ಬಂದಳು.

"ರೋಡಿಗೆ ತಗೊಂಡ್ ಹೋದ್ಯಾ?"

ಅವನು ತಲೆ ತಗ್ಗಿಸಿದ.

"ಸ್ಲೋ ಮಾಡಿ ನೋಡ್ದೆ ಗೊತ್ತಾಗಲ್ಲ ಅಂತ ಹೇಳ್ಕೊಟ್ಟೋನು ನೀನೇ ಅಲ್ವಾ? ಮತ್ಯಾಕೆ ತಗೊಂಡ್ ಹೋಗ್ಲಿಲ್ಲ? ಹೇಳು ಮಹೇಂದ್ರ! ಯಾಕೆ?"

ಮಹೇಂದ್ರ ಒಮ್ಮೆ ಆನಂದಪ್ಪನವರ ಕಡೆ ನೋಡಿದ. ಅವರು ಮುಖ ತಿರುಗಿಸಿದರು. ಆ ಒಂದು ನೋಟವನ್ನು ಅವಳು ಕಂಡಳು, ಅದರ ಅರ್ಥ ಹುಡುಕುವ ಸ್ಥಿತಿಯಲ್ಲಿ ಇರಲಿಲ್ಲ.

"ಗೊತ್ತಾಗ್ಲಿಲ್ಲ... ಅಸಡ್ಡೆ ಮಾಡ್ಬಿಟ್ಟೆ," ಅಂದ ಮಹೇಂದ್ರ.

"ಇನ್ಮೇಲೆ ನನ್ ಕಣ್ಮುಂದೆ ಬರ್ಬೇಡ."

ಅವನು ಬರಲಿಲ್ಲ. ಊರಿನ ಗಂಡಸರು ಹೋಗಿ ಅವನಿಗೆ ಹೊಡೆದು, ಗ್ಯಾರೇಜಿನ ಬಾಗಿಲು ಮುರಿದು ಬಂದರೆಂದು ಅವಳಿಗೆ ಕೇಳಿಬಂತು. ಮನಸ್ಸು ಕಲ್ಲಾಗಿತ್ತು. ಆಗಲಿ, ಅಂದುಕೊಂಡಳು.

ನಜ್ಜುಗುಜ್ಜಾದ ಕಾರು ಗುಜರಿಗೆ ಹೋಯಿತು. ಅದರ ಜೊತೆ ಮುಡುಪೂ ಹೋಯಿತೆಂದೇ ಅವಳ ಎಣಿಕೆ. ಕೇಳಿದ್ದೇನು, ಕೊಟ್ಟಿದ್ದೇನು ಮುನೇಶ್ವರಾ! ಅವಳು ಮತ್ತೆ ಆ ಗುಡಿಯ ಮೆಟ್ಟಿಲು ಹತ್ತಲಿಲ್ಲ. ಸ್ಟೇರಿಂಗ್ ಮುಟ್ಟಲಿಲ್ಲ. ಬಂದ ಸಂಬಂಧಗಳಿಗೆಲ್ಲ ಬೇಡವೆಂದಳು. ಮೊಮ್ಮಗನ ಕೊರಗಿನಲ್ಲೇ ಮುನಿಕೆಂಪಮ್ಮ ತೀರಿಕೊಂಡಳು. ದೊಡ್ಡ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ ಉಳಿದರು, ಅನ್ನ ಬಡಿಸುವಾಗಲೂ ಮಾತಿರಲಿಲ್ಲ.

ಹೀಗೆ ವರ್ಷಗಳು ಉರುಳಿ ಎರಡು ಸಾವಿರದ ಹದಿನೆಂಟು ಬಂತು.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ, ಗೊರಗುಂಟೆಪಾಳ್ಯದ ಸಹೋದ್ಯೋಗಿಯೊಬ್ಬರ ಮನೆಯ ಸಮಾರಂಭಕ್ಕೆ ಅವಳು ಕ್ಯಾಬಿನಲ್ಲಿ ಹೋಗುತ್ತಿದ್ದಳು. ಮುಂದೆ ಡ್ಯಾಶ್‌ಬೋರ್ಡಿನ ಮೇಲೆ ಅರಿಶಿನದ ಬಟ್ಟೆಯ ಪುಟ್ಟ ಗಂಟು.

"ಅದನ್ನ... ಅಲ್ಯಾಕೆ ಇಟ್ಟಿದೀರಾ?" ತಡೆಯಲಾಗದೆ ಕೇಳಿಬಿಟ್ಟಳು.

ಡ್ರೈವರ್ ವೀರಬಸಪ್ಪ ನಕ್ಕ. ಬಾಗಲಕೋಟೆ ಕಡೆಯವನು, ಮಾತಿಗೆ ಕಾಯುತ್ತಿದ್ದವನ ಹಾಗೆ ಶುರು ಮಾಡಿದ.

"ಅದ್ ಎಂಜಿನ್ನದಾಗ ಇತ್ರೀ ಅಕ್ಕಾರ. ನಾಗಸಂದ್ರದಾಗ ಒಬ್ಬ ಮೇಸ್ತ್ರಿ ಅದಾನ, ಅವಾ ತೆಗೆದು ಇಲ್ಲಿಟ್ಟ. ಯಾವ ಗಾಡಿ ಬಂದ್ರೂ ಬಾನೆಟ್ ಎತ್ತಿ ಮದ್ಲ ದಾರ ಹುಡುಕ್ತಾನ್ರೀ! ಲಿಂಬಿಹಣ್ಣು, ತಾಯತ, ಏನ ಇದ್ರೂ ಬಿಚ್ಚಿ ಕೈಗೆ ಕೊಡ್ತಾನ. ಆಮ್ಯಾಲ ರಿಪೇರಿ. ಎಲ್ಲಾರೂ ದಾರದ ಮೇಸ್ತ್ರಿ ಅಂತಾರ."

"ಯಾಕಂತೆ?"

"ಒಂದ್ ಸಲ ಹಿಂಗ ಕಟ್ಟಿದ ದಾರ ರಬ್ಬರ್ ಪೈಪ್ ಕೊಯ್ದು, ಸ್ಲೋ ಮಾಡಿದಾಗ ಗಾಡಿ ಆಫ್ ಆಗಿ, ಬ್ರೇಕ್ ಹತ್ತಲಾರದ ಒಬ್ಬ ಹುಡುಗ ಸತ್ತನಂತ್ರೀ. ಅದನ್ನ ಹೇಳ್ವಾಗ ಅವನ ಕಣ್ಣಾಗ ನೀರು..."

ಧನಲಕ್ಷ್ಮಿಗೆ ಮುಂದಿನದು ಕೇಳಿಸಲಿಲ್ಲ.

"ಅವನ ಹೆಸರು...?"

"ಮಹೇಂದ್ರ ಅಂತ್ರೀ."

"ಅಲ್ಲಿಗೆ ಕರ್ಕೊಂಡ್ ಹೋಗಿ."

"ಅಕ್ಕಾರ, ನಿಮ್ ಡ್ರಾಪ್ ಗೊರಗುಂಟೆಪಾಳ್ಯ..."

"ದಯವಿಟ್ಟು!"

ನಾಗಸಂದ್ರದ ಮೆಟ್ರೋ ಸ್ಟೇಷನ್ನಿನ ನೆರಳು ಬೀಳುವ ಜಾಗದಲ್ಲಿ ಒಂದು ತಗಡಿನ ಶೆಡ್ಡು. ಕೈ ಒರೆಸಿಕೊಳ್ಳುತ್ತಾ ಹೊರಬಂದವನ ಕೂದಲು ಕಿವಿಯ ಬಳಿ ನರೆತಿತ್ತು. ಅವಳನ್ನು ಕಂಡು ಅವನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

"ಧನು..."

"ಯಾವ ಹುಡುಗನ ಕಥೆ ಹೇಳ್ಕೊಂಡು ತಿರುಗ್ತಿದೀಯ ಮಹೇಂದ್ರ?"

ಅವನು ವೀರಬಸಪ್ಪನ ಕಡೆ ನೋಡಿದ. ಏನೋ ಎಡವಟ್ಟಾಗಿದೆ ಎಂದು ಅರಿತ ವೀರಬಸಪ್ಪ ದೂರ ಹೋಗಿ ನಿಂತ.

"ಯಾರದೋ... ಬೇರೆ ಯಾರದೋ ಗಾಡಿ ಅದು. ನಿಮ್ ಗಾಡೀಲಿ ಮಸಿ ಕಟ್ಟಿತ್ತು, ಅದನ್ನ ನಾನು..."

"ಸುಳ್ಳು!"

ಶೆಡ್ಡಿನ ಮೂಲೆಯಲ್ಲಿ ಅವರ ಬಿಳಿ ಕಾರಿನ ಮಾದರಿಯದೇ ಹಳೇ ಕಾರೊಂದು ಬಾನೆಟ್ ತೆರೆದುಕೊಂಡು ನಿಂತಿತ್ತು. ಅವಳು ನೇರವಾಗಿ ಅಲ್ಲಿಗೆ ನಡೆದಳು.

"ಧನು, ಬೇಡ..."

ಅವಳು ಕಣ್ಣು ಮುಚ್ಚಿದಳು.

ಕೈ ಚಾಚಿದಳು. ಬ್ಯಾಟರಿ ತಗುಲಿತು. ಅದನ್ನು ದಾಟಿ ಒಳಗೆ... ಇನ್ನೂ ಒಳಗೆ... ಆ ಆಯುಧಪೂಜೆಯ ಮಧ್ಯಾಹ್ನ ಬೆರಳುಗಳಿಗೆ ಚೆನ್ನಾಗಿ ನೆನಪಿತ್ತು. ಹೆಬ್ಬೆರಳಿನಷ್ಟು ದಪ್ಪ. ಬಾಗಿದ್ದು.

ಬೆರಳುಗಳು ಅದರ ಸುತ್ತ ಮುಚ್ಚಿಕೊಂಡವು.

"ಇದು ಯಾವ ಪೈಪು ಮಹೇಂದ್ರ?"

ಕೆಳಗೆ ಬಿದ್ದಿದ್ದ ಬಟ್ಟೆ ಎತ್ತಿಕೊಳ್ಳಲು ಮಹೇಂದ್ರ ಬಾಗಿದ.

"ಹೇಳು!"

"ಬ್ರೇಕಿನದು," ಅಂದ ಮಹೇಂದ್ರ. "ಎಂಜಿನ್ ಎಳೆಯೋ ಗಾಳಿಯ ಬಲ ಬ್ರೇಕಿಗೆ ಸಿಗೋದು ಇದರಿಂದ. ಬಿಸಿಗೆ, ಅದುರಾಟಕ್ಕೆ ಹುರಿ ರಬ್ಬರನ್ನ ಕೊಯ್ದಿತ್ತು. ಗಾಡಿ ಸ್ಲೋ ಆದಾಗ ಎಂಜಿನ್ ವಾಲುತ್ತೆ, ಪೈಪ್ ಜಗ್ಗುತ್ತೆ, ಆ ಸೀಳು ಬಾಯಿ ಬಿಡುತ್ತೆ. ಬೇಡದ ಗಾಳಿ ನುಗ್ಗಿ ಎಂಜಿನ್ ನಿಲ್ಲುತ್ತೆ, ಬ್ರೇಕಿಗೂ ಬಲ ಸಿಗಲ್ಲ. ನಿಂತಿರುವಾಗ ಮುಚ್ಚಿಕೊಂಡಿರುತ್ತೆ. ಅದಕ್ಕೇ ನಂಗೂ ಕಾಣ್ಲಿಲ್ಲ."

ಅವಳು ಕಣ್ಣು ತೆರೆದಳು. ತನ್ನ ಕೈಯನ್ನೇ ನೋಡಿದಳು.

"ನಾನೇ..." ಅಂದಳು. "ನನ್ ಪುನೀತನ್ನ... ನಾನೇ..."

ಅಲ್ಲೇ ಕುಳಿತುಬಿಟ್ಟಳು. ಅಂದು ಬಾರದ ಅಳು, ಇಷ್ಟು ವರ್ಷ ಒಳಗೇ ಹೆಪ್ಪುಗಟ್ಟಿದ್ದ ಅಳು, ಆ ಆಯಿಲ್ ಮೆತ್ತಿದ ನೆಲದ ಮೇಲೆ ಕಿತ್ತುಕೊಂಡು ಬಂತು. ಮಹೇಂದ್ರ ಅವಳ ಮುಂದೆ ಮಂಡಿಯೂರಿ ಕುಳಿತ. ಮುಟ್ಟುವ ಧೈರ್ಯವಾಗದೆ ಎರಡೂ ಕೈಯನ್ನು ತೊಡೆಯ ಮೇಲೆ ಬಿಗಿಹಿಡಿದುಕೊಂಡ.

"ಯಾವಾಗ ಗೊತ್ತಾಯ್ತು?"

"ಮಾರನೇ ದಿನವೇ. ಗಾಡಿ ನಿಲ್ಸಿದ್ ಕಡೆ ಹೋಗಿ ನೋಡ್ದೆ. ಅರಿಶಿನದ ಬಟ್ಟೆ ಕಂಡ ತಕ್ಷಣ ನೀನು ಫೋನಲ್ಲಿ ಹೇಳಿದ್ದು ನೆನಪಾಯ್ತು. ಬಿಚ್ಚಿ ಜೇಬಿಗೆ ಹಾಕ್ಕೊಂಡೆ."

"ಅಷ್ಟೆಲ್ಲಾ ಬೈಸ್ಕೊಂಡು, ಹೊಡೆಸ್ಕೊಂಡು, ಗ್ಯಾರೇಜ್ ಕಳ್ಕೊಂಡು... ಒಂದ್ ಮಾತು ಹೇಳ್ಲಿಲ್ವಲ್ಲ ನೀನು!"

"ಏನಂತ ಹೇಳ್ಲಿ? ನನ್ನ ದ್ವೇಷ ಮಾಡಿದ್ರೆ ನೀನು ಹೇಗೋ ಬದುಕ್ತೀಯ ಅನ್ಸ್ತು ಧನು. ನಿನ್ನನ್ನ ನೀನೇ ದ್ವೇಷ ಮಾಡಿದ್ರೆ ಉಳಿಯಲ್ಲ ಅನ್ಸ್ತು."

ಅವಳು ಮಗುವಿನಂತೆ ಕೇಳಿದಳು.

"ಅವತ್ತು ಸಿಗ್ನಲ್‌ನಲ್ಲಿ ಹೇಳಿದ್ಯಲ್ಲ... ಇನ್ನೊಂದ್ ಸಲ ಹೇಳು. ತಪ್ಪು ನಿಂದಲ್ಲ ಅಂತ ಹೇಳು."

ಮಹೇಂದ್ರ ಬಾಯಿ ತೆರೆದ. ಹೇಳಿಬಿಡುವುದು ಎಷ್ಟು ಸುಲಭವಿತ್ತು!

"ಇಲ್ಲ," ಅಂದ ಕೊನೆಗೆ. "ನಿಂಗೆ ಗೊತ್ತಾದ್ಮೇಲೆ ಸುಳ್ಳು ಹೇಳಲ್ಲ. ಆ ಗಂಟು ಹಾಕಿದ್ದು ನೀನು. ರೋಡಿಗೆ ತಗೊಂಡ್ ಹೋಗದೆ ಗಾಡಿ ಕೊಟ್ಟಿದ್ದು ನಾನು. ಇಬ್ರದೂ ಇದೆ. ನೀನೊಬ್ಳೇ ಹೊರ್ಬೇಡ, ಅಷ್ಟೇ ಕೇಳ್ಕೊಳ್ಳೋದು."

ವಿಚಿತ್ರ ನೋಡಿ, ತಪ್ಪಿಲ್ಲವೆಂದು ಅವನು ಹೇಳಿದ್ದರೆ ಅವಳು ಅಲ್ಲಿಂದ ಎದ್ದು ಹೋಗಿಬಿಡುತ್ತಿದ್ದಳು. ಅವನು ಹಾಗೆ ಹೇಳದೆ ಉಳಿದದ್ದಕ್ಕೆ ಅವಳು ಅವನ ಭುಜದ ಮೇಲೆ ತಲೆಯಿಟ್ಟಳು.

"ಯಾಕೆ ತಗೊಂಡ್ ಹೋಗ್ಲಿಲ್ಲ ಮಹೇಂದ್ರ? ಈಗ್ಲಾದ್ರೂ ಹೇಳು."

ಅದಕ್ಕೆ ಮಾತ್ರ ಅವನು ಬಾಯಿ ಬಿಡಲಿಲ್ಲ.

"ನಾನು ಅಪ್ಪಂಗೆ ಹೇಳ್ತೀನಿ," ಎಂದು ಅವಳು ಎದ್ದಳು.

"ಬೇಡ ಧನು. ಇರೋದು ನೀನೊಬ್ಳೇ ಅವರಿಗೆ. ನಿನ್ನನ್ನೂ ಕಳ್ಕೊಂಡ್ರೆ..."

"ನಿನ್ ಮೇಲೆ ಹೊರಿಸಿ ಇನ್ನು ಒಂದ್ ತುತ್ತು ಅನ್ನ ಇಳಿಯಲ್ಲ ನಂಗೆ."

ಮನೆಯಲ್ಲಿ, ಗೋಡೆಯ ಮೇಲಿನ ಪುನೀತನ ಫೋಟೋದ ಎದುರಿಗೇ ಎಲ್ಲವನ್ನೂ ಹೇಳಿದಳು. ಪ್ರೀತಿಸಿದ್ದು, ಹರಕೆ, ಕಣ್ಣು ಮುಚ್ಚಿ ಹಾಕಿದ ಮೂರು ಗಂಟು, ಮಹೇಂದ್ರ ಅದನ್ನು ಬಚ್ಚಿಟ್ಟು ಬಯ್ಗುಳ ತಿಂದದ್ದು. ಹೊಡೆಯಲಿ, ಮನೆಯಿಂದ ಹೊರಹಾಕಲಿ ಎಂದು ತಲೆ ತಗ್ಗಿಸಿ ನಿಂತಳು.

ಆನಂದಪ್ಪನವರು ಬಯ್ಯಲಿಲ್ಲ. ನಿಧಾನವಾಗಿ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಊಟಕ್ಕೆ ಬರಲಿಲ್ಲ. ಮಾರನೆಯ ದಿನವೂ ಮಾತಿಲ್ಲ. ಅಪ್ಪನ ಆ ಮೌನದಲ್ಲಿ ಧನಲಕ್ಷ್ಮಿ ಸಾಯದೇ ಸತ್ತಳು.

ಸೋಮವಾರ ಬೆಳಿಗ್ಗೆ ಅವಳು ಬಾಗಿಲಿಗೆ ನೀರು ಹಾಕುತ್ತಿದ್ದಾಗ ಅಪ್ಪ ಬಂದು ಜಗುಲಿಯ ಮೇಲೆ ಕುಳಿತರು. ಮುಖ ಬಾಡಿತ್ತು. ತಮ್ಮ ಕಾರಿನ ಕೀಯನ್ನು ಪಕ್ಕದಲ್ಲಿಟ್ಟರು.

"ಆ ಹುಡ್ಗ ಅವತ್ತು ಕೇಳ್ದ ಕಣವ್ವ," ಅಂದರು, ನೆಲ ನೋಡುತ್ತಾ. "ಸಾರ್, ರೋಡ್ಗೆ ತಗಂಡೋಗಿ ನೋಡ್ಬೇಕು, ಧನು ಮೇಡಂ ಓಡ್ಸ್ಲಿ, ಅವ್ರಿಗೆ ಗಾಡಿ ಗೊತ್ತು ಅಂದ. ನಿಮ್ಮಿಬ್ರ ಇಸ್ಯ ನಂಗೆ ಅಷ್ಟೊತ್ಗೆ ಕಿವಿಗ್ ಬಿದ್ದಿತ್ತು. ನಾನ್ ಉರ್ದೋದೆ. ರೋಡೂ ಬ್ಯಾಡ, ಗೀಡೂ ಬ್ಯಾಡ, ಉಜ್ಜಿ ಕೊಡು ಅಂದೆ. ಕೈಯಿಂದ ಕೀ ಕಿತ್ಕಂಡ್ ಬಂದೆ."

"ಅಪ್ಪಾ..."

"ಅವ್ನು ಬಾಯ್ ಬಿಡ್ತಾನೇನೋ ಅಂತ ಆವತ್ತು ಅಂಗ್ಳದಲ್ಲಿ ನಡುಗ್ತಾ ನಿಂತಿದ್ದೆ. ಬಿಡ್ಲಿಲ್ಲ. ಕಾಲರ್ ಇಡ್ದಿದ್ದು ಅವನ್ದು, ಬೈದಿದ್ದು ನನ್ನನ್ನೇ ಕಣವ್ವ."

ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅವರು ಅತ್ತರು. ಮಗಳು ನೀರಿನ ಚೊಂಬು ಹಿಡಿದುಕೊಂಡೇ ಅವರ ಕಾಲ ಬಳಿ ಕುಳಿತಳು. ಯಾರೂ ಯಾರನ್ನೂ ಕ್ಷಮಿಸುವ ಮಾತಾಡಲಿಲ್ಲ. ಅಷ್ಟು ದೊಡ್ಡ ಮಾತು ಆ ಜಗುಲಿಯ ಮೇಲೆ ಯಾರ ಬಾಯಲ್ಲೂ ಇರಲಿಲ್ಲ.

ಆನಂದಪ್ಪನವರು ಮೂಗು ಒರೆಸಿಕೊಂಡರು.

"ಈ ಗಾಡಿ ಸ್ಲೋ ಮಾಡ್ದಾಗ ಒಂಥರಾ ಆಡ್ತದೆ. ಅವನತ್ರ ತೋರ್ಸ್ಕಂಡ್ ಬಾ. ರೋಡ್ಗೆ ತಗಂಡೋಗಿ ನೋಡ್ಲಿ, ಇಬ್ರೂ ಓಗಿ."

ಧನಲಕ್ಷ್ಮಿ ತಲೆಯೆತ್ತಿ ಅಪ್ಪನನ್ನು ನೋಡಿದಳು. ಅವರು ಮೊನ್ನೆಯಷ್ಟೇ ಸರ್ವೀಸ್ ಮಾಡಿಸಿ ತಂದ ಗಾಡಿ ಅದು.

ಆ ದಾರಿ ಎಷ್ಟು ಭಾರವಾಗಿತ್ತೆಂದು ಅವಳಿಗೆ ಮಾತ್ರ ಗೊತ್ತು. ವರ್ಷಗಳ ನಂತರ ಸ್ಟೇರಿಂಗ್ ಹಿಡಿದಿದ್ದಳು. ಹೆಬ್ಬಾಳದ ಫ್ಲೈಓವರ್ ಏರಿದಳು. ಇಳಿಜಾರು ಬಂತು. ಆ ತಿರುವು ಬಂತು. ಕಾಲು ತೆಗೆಯಲೇಬೇಕಿತ್ತು.

'ಪುನೀತಾ... ಇಲ್ಲೇ ಅಲ್ವೇನೋ...'

ಕಾಲು ತೆಗೆದಳು. ಕಾರು ನಿಧಾನವಾಯಿತು. ಎಂಜಿನ್ ಓಡುತ್ತಲೇ ಇತ್ತು. ಬ್ರೇಕು ಮೆತ್ತಗೆ ಹಿಡಿಯಿತು. ಅಷ್ಟು ಸಣ್ಣ ವಿಷಯ, ದಿನವೂ ಎಷ್ಟೋ ಜನರಿಗೆ ಆಗುವಂಥದ್ದು, ಅವಳ ತಮ್ಮನಿಗೆ ಆಗಿರಲಿಲ್ಲ. ಕಣ್ಣೀರಿನಲ್ಲಿ ರಸ್ತೆ ಮಂಜಾಯಿತು, ಒರೆಸಿಕೊಂಡು ಮುಂದೆ ಹೋದಳು.

ನಾಗಸಂದ್ರದ ಶೆಡ್ಡಿನ ಮುಂದೆ ನಿಲ್ಲಿಸಿದಾಗ ಮಹೇಂದ್ರ ಬಂದು ಪಕ್ಕದಲ್ಲಿ ಕುಳಿತ. ತುಮಕೂರು ರಸ್ತೆಯ ಸರ್ವೀಸ್ ರೋಡಿನಲ್ಲಿ ಸ್ವಲ್ಪ ದೂರ ಓಡಿಸಿದಳು. ಅವನು ಹಳೇ ಅಭ್ಯಾಸದಂತೆ ಕಣ್ಣು ಮುಚ್ಚಿದ.

"ಕಾಲು ತೆಗಿ."

ತೆಗೆದಳು.

"ಇನ್ನೊಂದ್ ಸಲ."

ತೆಗೆದಳು.

"ಏನೂ ತೊಂದ್ರೆ ಇಲ್ವಲ್ಲ ಧನು ಇದಕ್ಕೆ."

"ಗೊತ್ತು."

"ಮತ್ಯಾಕೆ ತಂದೆ?"

"ಅಪ್ಪ ಕಳ್ಸಿದ್ರು. ರೋಡಿಗೆ ತಗೊಂಡ್ ಹೋಗಿ ನೋಡ್ಲಿ ಅಂದ್ರು. ಇಬ್ರೂ ಹೋಗಿ ಅಂದ್ರು."

ಮಹೇಂದ್ರ ಕಣ್ಣು ತೆರೆದ. ಅಂದು ತಡೆದದ್ದನ್ನು ಅವರೇ ಹೇಳಿಬಿಟ್ಟಿದ್ದಾರೆ ಎಂದು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ಅವಳು ಕಾರನ್ನು ಬದಿಗೆ ನಿಲ್ಲಿಸಿ ಅವನ ಕೈ ಹಿಡಿದುಕೊಂಡಳು.

ಅವನು ಜೇಬಿನಿಂದ ಏನನ್ನೋ ತೆಗೆದು ಅವಳ ಅಂಗೈಯಲ್ಲಿಟ್ಟ. ಮಸಿ ಹಿಡಿದು ಕಪ್ಪಾದ ಅರಿಶಿನದ ಬಟ್ಟೆ. ಮೂರು ಗಂಟೂ ಹಾಗೆಯೇ ಇದ್ದವು.

"ಬಿಚ್ಚಿದೆ ಅಂದ್ಯಲ್ಲ?"

"ಪೈಪಿಂದ ಜಾರಿಸಿ ತೆಗ್ದೆ ಅಷ್ಟೇ. ಗಂಟು ಬಿಚ್ಚೋದು ಇಬ್ರೂ ಸೇರಿ ಅಂತ ನೀನೇ ಹೇಳಿದ್ಯಲ್ಲ."

ಅವಳು ಗಂಟುಗಳನ್ನು ಬೆರಳಿನಿಂದ ಸವರಿದಳು.

"ಮುನೇಶ್ವರನ ಗುಡಿಗೆ ಆಮೇ‌ಲೆ ಹೋಗೋಣ. ಮೊದ್ಲು ಪುನೀತನ ಸಮಾಧಿ ಹತ್ರ ಹೋಗ್ಬೇಕು. ಅಲ್ಲೇ ಬಿಚ್ಚೋಣ."

"ಅವನಿಗೆ ಏನಂತ ಹೇಳ್ತೀಯಾ?"

"ಎಲ್ಲಾ ಹೇಳ್ತೀನಿ. ಅವನೇನ್ ಅಂತಾನೋ ಗೊತ್ತಿಲ್ಲ... ನಂಗೆ ಭಯ ಆಗ್ತಿದೆ ಮಹೇಂದ್ರ."

ಅವನು ಅವಳ ಕೈಯನ್ನು ಗಂಟಿನ ಸಮೇತ ತನ್ನೆರಡು ಕೈಯಲ್ಲಿ ಮುಚ್ಚಿಕೊಂಡ.

"ಆಗಲಿ ಬಿಡು. ನಂಗೂ ಆಗ್ತಿದೆ. ಈ ಸಲ ಕಣ್ಣು ಬಿಟ್ಕೊಂಡೇ ಬಿಚ್ಚೋಣ."